ಮೊಲ ಮಂಕಾಗಿದೆ: ಕಾಯಬಹುದಾ, ಈಗಲೇ ವೆಟ್ ಹತ್ತಿರ ಹೋಗಬೇಕಾ?

ನಾಯಿಗೆ ಹುಷಾರಿಲ್ಲದಿದ್ದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ. ನರಳುತ್ತದೆ, ವಾಂತಿ ಮಾಡುತ್ತದೆ, ಕಾಲ ಬಳಿ ಬಂದು ಮಲಗುತ್ತದೆ. ಮೊಲ ಇದ್ಯಾವುದನ್ನೂ ಮಾಡುವುದಿಲ್ಲ. ಅದು ಬೇರೆ ಪ್ರಾಣಿಗಳ ಬಾಯಿಗೆ ಸಿಗುವ ಜೀವಿ. ಬಯಲಿನಲ್ಲಿ ಸುಸ್ತಾಗಿ ಕೂತ ಮೊಲದ ಮೇಲೆಯೇ ಮೊದಲು ಹದ್ದಿನ ಕಣ್ಣು ಬೀಳುವುದು. ಹಾಗಾಗಿ ನೋವನ್ನು ಮುಚ್ಚಿಡುವುದು ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ಸೋಫಾ ಕೆಳಗೆ ಹಾಯಾಗಿ ಬೆಳೆದ ಮೊಲವೂ ಈ ಗುಣ ಬಿಟ್ಟಿಲ್ಲ. ಇನ್ನು ವಾಂತಿಯಂತೂ ಮೊಲದ ದೇಹಕ್ಕೆ ಸಾಧ್ಯವೇ ಇಲ್ಲ.

ಹೀಗಾಗಿ ನಮಗೆ ಸಿಗುವ ಸೂಚನೆಗಳೆಲ್ಲ ಸಣ್ಣವು. ಬೆಳಿಗ್ಗೆ ಇಟ್ಟ ಕೊತ್ತಂಬರಿ ಸೊಪ್ಪು ಹಾಗೇ ಇದೆ. ಫ್ರಿಜ್ ಬಾಗಿಲು ತೆಗೆದ ಸದ್ದಿಗೆ ಓಡಿ ಬರುತ್ತಿದ್ದದ್ದು ಇವತ್ತು ಬರಲಿಲ್ಲ. ಎಂದೂ ಕೂರದ ಮೂಲೆಯಲ್ಲಿ ಕೂತಿದೆ. ಇಷ್ಟಕ್ಕೇ ಡಾಕ್ಟರ್ ಹತ್ತಿರ ಓಡಬೇಕಾ ಅಂತ ಅನುಮಾನ ಬರುವುದು ಸಹಜ.

"ಇದಕ್ಕೆ ಏನಾಗಿದೆ?" ಎಂದು ನಾವೆಲ್ಲ ಮೊದಲು ಕೇಳಿಕೊಳ್ಳುತ್ತೇವೆ. ಮನೆಯಲ್ಲಿ ಕೂತು ಅದಕ್ಕೆ ಉತ್ತರ ಕಂಡುಕೊಳ್ಳುವುದು ಕಷ್ಟ. ನೂರು ಕಾಯಿಲೆಗಳು ಮೊಲದಲ್ಲಿ ಒಂದೇ ತರಹ ಕಾಣುತ್ತವೆ: ತಿನ್ನುವುದಿಲ್ಲ, ಸುಮ್ನೆ ಕೂರುತ್ತದೆ. ನಾವು ಉತ್ತರ ಹುಡುಕಬೇಕಾದ ಪ್ರಶ್ನೆ ಬೇರೆ. ಎಷ್ಟು ಹೊತ್ತು ಕಾಯಬಹುದು? ಇದನ್ನು ತೀರ್ಮಾನಿಸಲು ಮೂರು ವಿಷಯ ಬೇಕು: ಕೊನೆಯ ಸಲ ಯಾವಾಗ ತಿಂದಿತು, ಕೊನೆಯ ಸಲ ಯಾವಾಗ ಹಿಕ್ಕೆ ಹಾಕಿತು, ನಿನ್ನೆಗಿಂತ ಇವತ್ತು ಏನು ಬೇರೆಯಾಗಿದೆ. ಈ ಬರಹದಲ್ಲಿರುವುದೆಲ್ಲ ಈ ಮೂರರ ಸುತ್ತ.

ಏನನ್ನೂ ಯೋಚಿಸದೆ ಹೊರಡಬೇಕಾದ ಸಂದರ್ಭಗಳು

ಕೆಲವು ಲಕ್ಷಣ ಕಂಡರೆ ಮುಂದೆ ಓದುವುದೂ ಬೇಡ. ಫೋನ್ ಮಾಡುತ್ತಲೇ ಹೊರಡಿ.

- ಬಾಯಿ ತೆರೆದು ಉಸಿರಾಡುತ್ತಿದೆ. ಮೊಲ ಯಾವಾಗಲೂ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಬಾಯಿ ತೆರೆದಿದೆ ಎಂದರೆ ಬೇರೆ ದಾರಿಯೇ ಉಳಿದಿಲ್ಲ ಎಂದರ್ಥ.
- ಮೈ ತಣ್ಣಗಿದೆ, ಎತ್ತಿಕೊಂಡರೆ ಬಟ್ಟೆಯಂತೆ ಜೋಲು ಬೀಳುತ್ತದೆ.
- ಚೆನ್ನಾಗಿದ್ದ ಮೊಲ ಒಂದೆರಡು ಗಂಟೆಯಲ್ಲೇ ಪೂರ್ತಿ ಕುಸಿದಿದೆ, ಹೊಟ್ಟೆ ಉಬ್ಬಿ ಬಿಗಿಯಾಗಿದೆ.
- ಹಿಂಗಾಲು ಎಳೆದುಕೊಂಡು ಹೋಗುತ್ತಿದೆ.
- ನೀರಿನಂತೆ ಭೇದಿಯಾಗುತ್ತಿದೆ. ಮರಿಯಾದರೆ ಇನ್ನೂ ಬೇಗ ಹೊರಡಿ.
- ಮೂತ್ರಕ್ಕೆ ತಿಣುಕುತ್ತಿದೆ, ಹನಿಯೂ ಬರುತ್ತಿಲ್ಲ.
- ತಲೆ ಒಂದು ಪಕ್ಕಕ್ಕೆ ವಾಲಿ ಉರುಳುತ್ತಿದೆ, ಅಥವಾ ಫಿಟ್ಸ್ ಬಂದಿದೆ.
- ಹಿಂಭಾಗದಲ್ಲಿ ಹುಳು ಕಾಣುತ್ತಿದೆ.
- ಬೆಕ್ಕು ಅಥವಾ ನಾಯಿ ಕಚ್ಚಿದೆ. ಗಾಯ ಎಷ್ಟೇ ಚಿಕ್ಕದಿದ್ದರೂ ಸರಿ. ಬೆಕ್ಕಿನ ಹಲ್ಲು ಸೂಜಿಯಷ್ಟೇ ತೂತು ಮಾಡಿ ಕೀವಿನ ಬೀಜ ಒಳಗಿಟ್ಟು ಬರುತ್ತದೆ.

ಇದರಲ್ಲಿ ಯಾವುದೂ ಇಲ್ಲವೇ? ಹಾಗಿದ್ದರೆ ಒಂದೈದು ನಿಮಿಷ ಕೂತು ನೋಡಬಹುದು.

ಮೊದಲು ಮಾಡಬೇಕಾದ ಪರೀಕ್ಷೆ

ಅದಕ್ಕೆ ತುಂಬಾ ಇಷ್ಟವಾದ ತಿಂಡಿ ಒಂದನ್ನು ಮೂಗಿನ ಹತ್ತಿರ ಹಿಡಿಯಿರಿ. ಒಂದು ಎಸಳು ಪುದೀನ, ಬಾಳೆಹಣ್ಣಿನ ಚೂರು, ಯಾವುದಕ್ಕೆ ಅದು ಎಂದೂ ಬೇಡ ಅನ್ನುವುದಿಲ್ಲವೋ ಅದು. ಇಲ್ಲಿ ಮೂರು ರೀತಿ ಆಗಬಹುದು, ಮೂರಕ್ಕೂ ಅರ್ಥ ಬೇರೆ ಬೇರೆ.

ಕಿತ್ತುಕೊಂಡು ತಿಂದರೆ ತಕ್ಷಣದ ಭಯ ಇಲ್ಲ. ಆದರೆ ಇಲ್ಲಿಗೇ ನಿಶ್ಚಿಂತರಾಗಬೇಡಿ. ಹುಲ್ಲು ಬಿಟ್ಟು ಸಿಹಿ ಮಾತ್ರ ತಿನ್ನುವ ಮೊಲಕ್ಕೂ ಒಳಗೆ ತೊಂದರೆ ಇರಬಹುದು. ತಿಂಡಿಯ ಜೊತೆಗೆ ಒಣಹುಲ್ಲನ್ನೂ ಇಟ್ಟು, ಅದನ್ನು ನಿಜವಾಗಿ ಅಗಿಯುತ್ತದಾ ನೋಡಿ.

ಮುಖ ತಿರುಗಿಸಿಕೊಂಡರೆ ಅದಕ್ಕೆ ಹಸಿವಿಲ್ಲ. ಸಾಮಾನ್ಯವಾಗಿ ಹೊಟ್ಟೆಯಲ್ಲಿ ನೋವು, ಗ್ಯಾಸ್, ಅಥವಾ ಬೇರೆಲ್ಲೋ ನೋವು. ಈ ಕ್ಷಣದಿಂದ ಗಡಿಯಾರ ಶುರು.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಮೊಲ ಆಸೆಯಿಂದ ಮುಂದೆ ಬರುತ್ತದೆ, ಮೂಸುತ್ತದೆ, ಬಾಯಿಗೂ ತೆಗೆದುಕೊಳ್ಳುತ್ತದೆ, ಆಮೇಲೆ ಬೀಳಿಸುತ್ತದೆ. ತಿನ್ನಲು ಮನಸ್ಸಿದೆ, ಆಗುತ್ತಿಲ್ಲ. ಇದು ಹಲ್ಲಿನ ಕಡೆ ಕೈ ತೋರಿಸುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಗಡಿಯಾರದ ಲೆಕ್ಕ

ಮೊಲದ ಹೊಟ್ಟೆ ಖಾಲಿ ಇರಲು ಆಗುವುದಿಲ್ಲ. ಅದರ ಕರುಳು ನಾರಿನಿಂದ ನಡೆಯುತ್ತದೆ. ಮೇಲಿನಿಂದ ಹುಲ್ಲು ಬರುತ್ತಿದ್ದರೆ ಕೆಳಗಿನದು ಮುಂದೆ ಸರಿಯುತ್ತದೆ. ಬರುವುದು ನಿಂತರೆ ಒಳಗಿದ್ದದ್ದು ಒಣಗುತ್ತದೆ, ಗ್ಯಾಸ್ ತುಂಬುತ್ತದೆ, ನೋವಾಗುತ್ತದೆ. ನೋವಾದ್ದರಿಂದ ಇನ್ನೂ ತಿನ್ನುವುದಿಲ್ಲ. ತಿನ್ನದಿದ್ದರೆ ಇನ್ನೂ ಒಣಗುತ್ತದೆ. ಈ ವಿಷಚಕ್ರಕ್ಕೆ ವೆಟ್‌ಗಳು ಜಿಐ ಸ್ಟೇಸಿಸ್, ಅಂದರೆ ಕರುಳಿನ ಚಲನೆ ನಿಲ್ಲುವುದು, ಎನ್ನುತ್ತಾರೆ. ದಪ್ಪ ಮೊಲಗಳಲ್ಲಿ ಇದರ ಜೊತೆಗೆ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಪರಿಸ್ಥಿತಿ ಬೇಗ ಕೈಮೀರುತ್ತದೆ. ಸ್ಟೇಸಿಸ್ ಯಾವಾಗಲೂ ಯಾವುದೋ ಬೇರೆ ಕಾರಣದ ಫಲ: ಹಲ್ಲು, ಭಯ, ಸೆಕೆ, ನೀರು ಕಡಿಮೆಯಾಗಿದ್ದು, ಮೂತ್ರಕೋಶದ ಕಲ್ಲು, ನಾರಿಲ್ಲದ ಆಹಾರ. ಕರುಳು ಮತ್ತೆ ನಡೆಯುವಂತೆ ಮಾಡಿದರೂ ಆ ಕಾರಣ ಉಳಿದಿದ್ದರೆ ಅದು ಮತ್ತೆ ಬರುತ್ತದೆ.

ನಾನು ಪಾಲಿಸುವ ಲೆಕ್ಕ ಹೀಗಿದೆ. ಒಂದು ಊಟ ಬಿಟ್ಟಿದೆ, ಆದರೆ ಓಡಾಡುತ್ತಿದೆ, ಹಿಕ್ಕೆ ಬರುತ್ತಿದೆ ಎಂದರೆ ಎರಡು ಮೂರು ಗಂಟೆ ಹತ್ತಿರದಿಂದ ಗಮನಿಸುತ್ತೇನೆ. ಹಸಿ ಸೊಪ್ಪನ್ನು ನೀರಲ್ಲಿ ಅದ್ದಿ ಕೊಡುತ್ತೇನೆ, ಹೊಸ ಹುಲ್ಲು ಇಡುತ್ತೇನೆ. ನಾಲ್ಕರಿಂದ ಆರು ಗಂಟೆಯಾದರೂ ಏನೂ ಮುಟ್ಟದಿದ್ದರೆ ವೆಟ್‌ಗೆ ಫೋನ್. 10ರಿಂದ 12 ಗಂಟೆ ಏನೂ ತಿಂದಿಲ್ಲ, ಅಥವಾ 12 ಗಂಟೆ ಒಂದೂ ಹಿಕ್ಕೆ ಇಲ್ಲ ಎಂದರೆ ಅದು ತುರ್ತು. ಮಧ್ಯರಾತ್ರಿಯಾದರೂ ಸರಿ, ಭಾನುವಾರವಾದರೂ ಸರಿ. ತಿನ್ನದಿರುವುದರ ಜೊತೆಗೆ ಮುದುಡಿ ಕೂತಿದ್ದರೆ ಅಥವಾ ಹಲ್ಲು ಕಡಿಯುತ್ತಿದ್ದರೆ ಈ ಗಂಟೆಗಳನ್ನೂ ಕಾಯುವುದಿಲ್ಲ.

ಲೆಕ್ಕ ಶುರುವಾಗಬೇಕಾದದ್ದು ನೀವು ಗಮನಿಸಿದ ಹೊತ್ತಿನಿಂದ ಅಲ್ಲ, ಅದು ಕೊನೆಗೆ ತಿಂದ ಹೊತ್ತಿನಿಂದ. ಬೆಳಿಗ್ಗೆ ಏಳಕ್ಕೆ ಎದ್ದು ನೋಡುತ್ತೀರಿ, ರಾತ್ರಿ ಹತ್ತಕ್ಕೆ ಇಟ್ಟ ಹುಲ್ಲು ಹಾಗೇ ಇದೆ, ಟ್ರೇನಲ್ಲಿ ಹಿಕ್ಕೆ ಇಲ್ಲ. ಒಂಬತ್ತು ಗಂಟೆ ಆಗಲೇ ಕಳೆದಿದೆ. "ಮಧ್ಯಾಹ್ನದವರೆಗೆ ನೋಡೋಣ" ಎನ್ನಲು ಅಲ್ಲಿ ಜಾಗವೇ ಇಲ್ಲ. ರಾತ್ರಿ ಮಲಗುವ ಮುಂಚೆ ಹುಲ್ಲು ಎಷ್ಟಿದೆ ಅಂತ ಒಂದು ಸಲ ನೋಡಿಟ್ಟುಕೊಂಡರೆ ಬೆಳಿಗ್ಗೆ ಈ ಲೆಕ್ಕ ಸುಲಭ. ಸಂಜೆ ಟ್ರೇ ಸ್ವಚ್ಛ ಮಾಡುವುದಕ್ಕೂ ಇದೇ ಲಾಭ: ಬೆಳಿಗ್ಗೆ ಕಂಡದ್ದೆಲ್ಲ ರಾತ್ರಿಯದೇ ಎಂದು ಗ್ಯಾರಂಟಿ.

ಎರಡು ಮೊಲ ಒಟ್ಟಿಗೆ ಇದ್ದರೆ ಇದೇ ದೊಡ್ಡ ಕಷ್ಟ. ತಟ್ಟೆ ಖಾಲಿ, ಟ್ರೇ ತುಂಬಾ ಹಿಕ್ಕೆ, ಆದರೆ ಎಲ್ಲವೂ ಒಂದರದೇ ಇರಬಹುದು. ಅನುಮಾನ ಬಂದ ತಕ್ಷಣ ನಡುವೆ ಜಾಲರಿ ಹಾಕಿ ಬೇರೆ ಮಾಡಿ. ಒಂದಕ್ಕೊಂದು ಕಾಣುವಂತಿರಲಿ, ಇಲ್ಲದಿದ್ದರೆ ಬೇರ್ಪಟ್ಟ ಬೇಸರಕ್ಕೇ ಊಟ ಬಿಡುತ್ತವೆ.

ಹಿಕ್ಕೆ ಏನು ಹೇಳುತ್ತದೆ

ಮೊಲ ಸಾಕುವವರಿಗೆ ಹಿಕ್ಕೆಯಷ್ಟು ನಂಬಿಕೆಯ ಸಾಕ್ಷಿ ಇನ್ನೊಂದಿಲ್ಲ. ಚೆನ್ನಾಗಿರುವ ಮೊಲ ದಿನಕ್ಕೆ ಸುಮಾರು 200ರಿಂದ 300 ಗಟ್ಟಿ ಹಿಕ್ಕೆ ಹಾಕುತ್ತದೆ. ದುಂಡಗೆ, ಹೆಚ್ಚುಕಡಿಮೆ ಒಂದೇ ಗಾತ್ರ, ಒಣಗಿದ ಮೇಲೆ ಬೆರಳಲ್ಲಿ ಉಜ್ಜಿದರೆ ಹುಲ್ಲಿನ ಪುಡಿಯಂತೆ ಉದುರುತ್ತದೆ. ವಾಸನೆ ಇಲ್ಲವೇ ಇಲ್ಲ ಎನ್ನಬಹುದು. ನಿಮ್ಮ ಮೊಲದ ಮಾಮೂಲಿ ಗಾತ್ರ ಯಾವುದು ಅಂತ ಕಣ್ಣಿಗೆ ರೂಢಿಯಾಗಬೇಕು. ಚೆನ್ನಾಗಿರುವ ದಿನ ಒಂದು ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಮುಂದೆ ಡಾಕ್ಟರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಹಿಕ್ಕೆ ಚಿಕ್ಕದಾಗಿ, ಕಪ್ಪಾಗಿ, ಗಟ್ಟಿಯಾಗಿ ಬಂದರೆ ಕರುಳು ನಿಧಾನವಾಗಿದೆ. ಮೊಲ ಒಂದೆರಡು ದಿನದಿಂದ ಕಡಿಮೆ ತಿಂದಿದೆ ಅಥವಾ ಕಡಿಮೆ ನೀರು ಕುಡಿದಿದೆ. ಕಣ್ಣೆದುರಿಗೆ ತಿನ್ನುತ್ತಿದ್ದರೂ ಇದನ್ನು ಕಡೆಗಣಿಸಬೇಡಿ. ತಿನ್ನುವುದು ನಿಲ್ಲುವುದಕ್ಕಿಂತ ಮುಂಚೆಯೇ ಗಾತ್ರ ಇಳಿಯುವುದುಂಟು. ಅದೇ ದಿನ ಒದ್ದೆ ಸೊಪ್ಪು ಜಾಸ್ತಿ ಮಾಡಿ, ಪೆಲೆಟ್ (ಅಂಗಡಿಯಲ್ಲಿ ಸಿಗುವ ಒಣ ಗುಳಿಗೆ ಆಹಾರ) ಕಡಿಮೆ ಮಾಡಿ, ಹುಲ್ಲು ರಾಶಿ ಹಾಕಿ. ಮರುದಿನಕ್ಕೂ ಹಾಗೇ ಇದ್ದರೆ ವೆಟ್‌ಗೆ ತೋರಿಸಿ.

ಹಿಕ್ಕೆಗಳು ಕೂದಲಿನಿಂದ ಪೋಣಿಸಿದಂತೆ ಸಾಲಾಗಿ ಬರುವುದು ಕೂದಲು ಉದುರುವ ಕಾಲದಲ್ಲಿ ಮಾಮೂಲು. ಗಾತ್ರ ಸರಿಯಾಗಿದ್ದು ಮೊಲ ಚುರುಕಾಗಿದ್ದರೆ ದಿನಾ ಬಾಚಿ ಕೂದಲು ತೆಗೆದರೆ ಸಾಕು.

ಇನ್ನೊಂದು ತರಹದ ಹಿಕ್ಕೆ ಇದೆ. ಮೆತ್ತಗೆ, ಹೊಳಪಾಗಿ, ಚಿಕ್ಕ ದ್ರಾಕ್ಷಿ ಗೊಂಚಲಿನಂತೆ, ವಾಸನೆಯ ಜೊತೆಗೆ. ಇದು ಭೇದಿ ಅಲ್ಲ. ಮೊಲ ಇದನ್ನು ರಾತ್ರಿ ಅಥವಾ ನಸುಕಿನಲ್ಲಿ ಹೊರಬರುತ್ತಲೇ ಬಾಯಿ ಹಾಕಿ ತಿಂದುಬಿಡುತ್ತದೆ. ಅದರಲ್ಲಿ ವಿಟಮಿನ್‌ಗಳೂ ಪ್ರೋಟೀನೂ ಇರುತ್ತವೆ. ಸೆಕೋಟ್ರೋಪ್ ಎಂದು ಇದರ ಹೆಸರು. ಯಾವಾಗಲೋ ಒಮ್ಮೆ ನೆಲದ ಮೇಲೆ ಒಂದು ಗೊಂಚಲು ಸಿಕ್ಕರೆ ತಲೆ ಕೆಡಿಸಿಕೊಳ್ಳಬೇಡಿ. ದಿನಾ ಸಿಗುತ್ತಿದ್ದರೆ, ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ, ಎರಡು ಸಾಧ್ಯತೆ: ಒಂದೋ ಪೆಲೆಟ್, ಹಣ್ಣು, ಕಾಳು ಜಾಸ್ತಿಯಾಗಿದೆ, ಇಲ್ಲವೇ ಮೊಲಕ್ಕೆ ಬಗ್ಗಿ ಬಾಯಿ ಹಾಕಲು ಆಗುತ್ತಿಲ್ಲ. ದಪ್ಪಗಾಗಿರಬಹುದು, ಬೆನ್ನು ಅಥವಾ ಕೀಲು ನೋಯುತ್ತಿರಬಹುದು, ಹಲ್ಲು ನೋಯುತ್ತಿರಬಹುದು. ಆಹಾರ ಸರಿ ಮಾಡಿ ಒಂದು ವಾರ ನೋಡಿ. ನಿಲ್ಲದಿದ್ದರೆ ಎರಡನೆಯದೇ ಕಾರಣ ಎಂದುಕೊಂಡು ತೋರಿಸಿ.

ನಿಜವಾದ ಭೇದಿಯಲ್ಲಿ ಗಟ್ಟಿ ಹಿಕ್ಕೆಯೇ ಇರುವುದಿಲ್ಲ, ಎಲ್ಲವೂ ನೀರು. ಗಟ್ಟಿ ಹಿಕ್ಕೆಯೂ ಇದೆ, ಜೊತೆಗೆ ಅಲ್ಲಲ್ಲಿ ಅಂಟು ಅಂಟು ಇದೆ ಎಂದರೆ ಅದು ಸೆಕೋಟ್ರೋಪ್ ಗಲಾಟೆ, ಕಾಯಬಹುದು. ಬರೀ ನೀರು ಕಾಯುವಂಥದ್ದಲ್ಲ. ಲೋಳೆ ಮಾತ್ರ ಬರುತ್ತಿದ್ದರೂ ಅಷ್ಟೇ.

ಕೂತಿರುವ ಭಂಗಿ, ಮುಖ, ಹಲ್ಲಿನ ಸದ್ದು

ಆರಾಮಾಗಿರುವ ಮೊಲ ಕಾಲು ಚಾಚಿ ಮಲಗುತ್ತದೆ, ಕೆಲವೊಮ್ಮೆ ಧಪ್ ಅಂತ ಪಕ್ಕಕ್ಕೆ ಬಿದ್ದು ಮಲಗುತ್ತದೆ. ಹೊಸಬರು ಇದನ್ನು ಕಂಡು ಹೆದರುತ್ತಾರೆ. ಅದು ಖುಷಿಯ ಲಕ್ಷಣ. ಹೊಟ್ಟೆ ನೋಯುವ ಮೊಲ ಬೆನ್ನು ಗೂನು ಮಾಡಿ ಮುಂಗಾಲಿನ ಮೇಲೆ ಮುದುಡಿ ಕೂರುತ್ತದೆ, ಅಥವಾ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮತ್ತೆ ಏಳುತ್ತದೆ, ಮತ್ತೆ ಒತ್ತುತ್ತದೆ. ಒಂದು ಕಡೆ ನೆಮ್ಮದಿಯಾಗಿ ಕೂರಲು ಆಗುವುದಿಲ್ಲ.

ಮುಖ ನೋಡಿ ನೋವು ಅಳೆಯುವುದಕ್ಕೆ ವಿಜ್ಞಾನಿಗಳು 2012ರಲ್ಲಿ ಒಂದು ಅಳತೆಯನ್ನೇ ಪ್ರಕಟಿಸಿದ್ದಾರೆ. ಐದು ಗುರುತು: ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಹೊಳ್ಳೆ ದುಂಡನೆಯ ಆಕಾರ ಬಿಟ್ಟು ಚೂಪಾಗುವುದು, ಮೀಸೆ ಬಿಗಿಯಾಗುವುದು, ಕಿವಿ ಸುರುಳಿಯಾಗಿ ಬೆನ್ನಿಗೆ ಅಂಟುವುದು. ಇದರಲ್ಲಿ ಮನೆಯವರಿಗೆ ಸುಲಭವಾಗಿ ಸಿಗುವುದು ಕಣ್ಣು. ಸದ್ದು ಮಾಡಿದರೂ, ಹತ್ತಿರ ಹೋದರೂ ಅರೆಮುಚ್ಚಿದ ಕಣ್ಣು ಪೂರ್ತಿ ತೆರೆಯದಿದ್ದರೆ ನಾನು ಅದನ್ನು ನಿದ್ದೆ ಎಂದು ಒಪ್ಪುವುದಿಲ್ಲ.

ಹಲ್ಲಿನ ಸದ್ದಿನಲ್ಲಿ ಎರಡು ಬಗೆ. ತಲೆ ಸವರುವಾಗ ಮೆಲ್ಲಗೆ ಕಟಕಟ ಎನ್ನುವುದು ಸುಖಕ್ಕೆ. ಯಾರೂ ಮುಟ್ಟದೆ, ಮೂಲೆಯಲ್ಲಿ ಒಂಟಿಯಾಗಿ ಕೂತು, ಕೇಳುವಷ್ಟು ಜೋರಾಗಿ ಕರಕರ ಕಡಿಯುವುದು ನೋವಿಗೆ. ಎರಡನೆಯದು ಕೇಳಿದರೆ ಅವತ್ತೇ ತೋರಿಸಬೇಕು.

ಉಸಿರನ್ನು ಮೂಗಿನಲ್ಲಿ ಎಣಿಸಬೇಡಿ, ಪಕ್ಕೆಯಲ್ಲಿ ಎಣಿಸಿ. ಮೂಗಿನ ಅಲುಗಾಟ ಉಸಿರಲ್ಲ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 30ರಿಂದ 60 ಸಲ ಪಕ್ಕೆ ಏರಿಳಿದರೆ ಸರಿ.

ಮೈ ಬಿಸಿಯ ವಿಷಯ. ಮೊಲದ ಸಹಜ ಉಷ್ಣತೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ನಮ್ಮ ಮನೆಗಳ ಥರ್ಮಾಮೀಟರ್ ಲೆಕ್ಕದಲ್ಲಿ 101ರಿಂದ 104 ಫ್ಯಾರನ್‌ಹೀಟ್. ನಮಗೆ ಜ್ವರ ಎನಿಸುವುದು ಅದಕ್ಕೆ ಸಹಜ. ಮೊಲದ ವಿಷಯದಲ್ಲಿ ಜ್ವರಕ್ಕಿಂತ ತಣ್ಣಗಾಗುವುದೇ ಹೆಚ್ಚು ಹೆದರಿಸುವಂಥದ್ದು. 38 ಡಿಗ್ರಿಗಿಂತ ಕೆಳಗೆ, ಅಂದರೆ 100.4ಕ್ಕಿಂತ ಕಡಿಮೆ ಬಂದರೆ ದೇಹ ಸೋಲುತ್ತಿದೆ ಎಂದು ತಿಳಿಯಿರಿ. ಟವೆಲ್ಲಿನಲ್ಲಿ ಸುತ್ತಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು ಹೊರಡಿ. ಉಷ್ಣತೆಯನ್ನು ಗುದದ್ವಾರದಿಂದ ನೋಡಬೇಕಾಗುತ್ತದೆ. ಇದನ್ನು ಒಮ್ಮೆ ವೆಟ್ ಹತ್ತಿರ ಕಲಿತ ಮೇಲೆಯೇ ಮಾಡಿ. ಮೊಲ ಗಾಬರಿಯಿಂದ ಜೋರಾಗಿ ಒದ್ದರೆ ಅದರದೇ ಬೆನ್ನುಮೂಳೆ ಮುರಿಯಬಹುದು. ಕಲಿಯದಿದ್ದರೆ ಕಿವಿ, ಪಾದ ಮುಟ್ಟಿ ನೋಡಿ. ಡಿಸೆಂಬರಿನ ಚಳಿಯಲ್ಲಿ ಕಿವಿ ತಣ್ಣಗಿರುವುದು ದೊಡ್ಡ ವಿಷಯವಲ್ಲ. ಕಿವಿ ತಣ್ಣಗಿದೆ, ಮಂಕಾಗಿದೆ, ತಿನ್ನುತ್ತಿಲ್ಲ, ಮೂರೂ ಸೇರಿದರೆ ದೊಡ್ಡ ವಿಷಯ.

ಆಸೆ ಇದೆ, ತಿನ್ನಲು ಆಗುತ್ತಿಲ್ಲ

ಮೊಲಕ್ಕೆ 28 ಹಲ್ಲು. ಎಲ್ಲವೂ ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಬೆಳೆಯುತ್ತದೆ. ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಮಾತ್ರ ದವಡೆ ಹಲ್ಲು ಸಮನಾಗಿ ಸವೆಯುತ್ತದೆ. ಪೆಲೆಟ್ ಮತ್ತು ಕ್ಯಾರೆಟ್ ತಿಂದು ಬೆಳೆದ ಮೊಲದಲ್ಲಿ ದವಡೆ ಹಲ್ಲಿನ ಅಂಚು ಚೂಪಾಗಿ ನಾಲಿಗೆಗೋ ಕೆನ್ನೆಗೋ ಚುಚ್ಚುತ್ತದೆ. ಬಾಚಿಹಲ್ಲು ನೋಡಿ "ಹಲ್ಲು ಚೆನ್ನಾಗಿದೆ" ಎಂದು ತೀರ್ಮಾನಿಸಬೇಡಿ. ತೊಂದರೆ ಇರುವುದು ಹಿಂದೆ, ಅದು ಮನೆಯಲ್ಲಿ ಕಾಣುವುದಿಲ್ಲ.

ನಮ್ಮ ಮನೆಯ ಚಿನ್ನಿಗೆ ಹೀಗಾದಾಗ ಮೊದಲು ಕಂಡದ್ದು ಗಲ್ಲದ ಕೆಳಗೆ ಒದ್ದೆ. ನೀರು ಕುಡಿದದ್ದು ಎನ್ನುವ ಹಾಗೆ ಕಾಣುತ್ತಿತ್ತು. ಹುಲ್ಲು ಬಿಟ್ಟು ಮೆತ್ತಗಿನ ಸೊಪ್ಪು ಆರಿಸಿ ತಿನ್ನುತ್ತಿದ್ದಳು, ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಳು. ಒಂದು ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಣ್ಣಿಗೂ ಹಲ್ಲಿಗೂ ಏನು ಸಂಬಂಧ ಅನಿಸಬಹುದು. ಕಣ್ಣೀರು ಇಳಿಯುವ ನಾಳ ಹಲ್ಲಿನ ಬೇರುಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಬೇರು ಉದ್ದವಾಗಿ ಒತ್ತಿದರೆ ನಾಳ ಮುಚ್ಚಿಕೊಂಡು ಕಣ್ಣೀರು ಕೆನ್ನೆ ಮೇಲೆ ಹರಿಯುತ್ತದೆ. ಅದಕ್ಕೇ ಒಂದೇ ಕಣ್ಣಲ್ಲಿ ಪದೇಪದೇ ನೀರು ಬಂದರೆ ಕಣ್ಣಿನ ಡ್ರಾಪ್ಸ್ ಒಂದೇ ಹಾಕಿಸಿಕೊಂಡು ಬರಬೇಡಿ, ಹಲ್ಲನ್ನೂ ನೋಡಲು ಹೇಳಿ. ಕೆಳದವಡೆಯ ಅಂಚಿನ ಮೇಲೆ ಬೆರಳು ಓಡಿಸಿ. ಗಂಟು ಗಂಟಾಗಿ ಸಿಕ್ಕರೆ ಅದನ್ನೂ ಹೇಳಿ.

ಹಲ್ಲಿನ ತೊಂದರೆಗೆ ಕೆಲವು ದಿನ ಸಮಯ ಇರುತ್ತದೆ, ಮೊಲ ಏನಾದರೂ ತಿನ್ನುತ್ತಿರುವವರೆಗೆ. ತಿನ್ನುವುದು ಪೂರ್ತಿ ನಿಂತರೆ ಮೇಲೆ ಹೇಳಿದ ಗಡಿಯಾರವೇ ಲೆಕ್ಕಕ್ಕೆ ಬರುತ್ತದೆ. ಉಗುರು ಕತ್ತರಿಸುವ ಕಟರ್‌ನಲ್ಲಿ ಬಾಚಿಹಲ್ಲು ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಹಲ್ಲು ಉದ್ದಕ್ಕೆ ಸೀಳಿ ಬೇರಿಗೆ ಕೀವು ಇಳಿಯುತ್ತದೆ.

ಕೆಂಪು ಮೂತ್ರ

ಮೊಲದ ಮೂತ್ರ ತಿಳಿ ಹಳದಿಯಿಂದ ಕಿತ್ತಳೆ, ಇಟ್ಟಿಗೆ ಕೆಂಪಿನವರೆಗೆ ಯಾವ ಬಣ್ಣದಲ್ಲೂ ಇರಬಹುದು. ತಿಂದ ಗಿಡದ ಬಣ್ಣ ಅದು. ಬಿಳಿ ಸುಣ್ಣದಂತೆ ಒಣಗುವುದೂ ಸಹಜ. ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೊಲ ಮೂತ್ರದಲ್ಲೇ ಹೊರಗೆ ಹಾಕುತ್ತದೆ. ಇಡೀ ಮೂತ್ರ ಒಂದೇ ಬಣ್ಣವಾಗಿದ್ದು, ಮೊಲ ಚುರುಕಾಗಿದ್ದರೆ ಒಂದೆರಡು ದಿನ ನೋಡಬಹುದು. ಬಣ್ಣದ ನಡುವೆ ಬೇರೆಯಾಗಿ ಕೆಂಪು ಚುಕ್ಕೆ, ಗೆರೆ, ಹೆಪ್ಪು ಕಂಡರೆ ಅದು ರಕ್ತ. ಸಂತಾನಹರಣ ಆಪರೇಷನ್ ಆಗದ ಹೆಣ್ಣು ಮೊಲಕ್ಕೆ ಮೂರು ನಾಲ್ಕು ವರ್ಷ ದಾಟಿದ್ದರೆ ಇದನ್ನು ಹಗುರವಾಗಿ ಬಿಡಬೇಡಿ. ಅವುಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ಅದರ ಮೊದಲ ಸುಳಿವು ಎಷ್ಟೋ ಸಲ ಈ ರಕ್ತವೇ. ಅನುಮಾನವಿದ್ದರೆ ಮೂತ್ರವನ್ನು ಸಿರಿಂಜ್‌ನಲ್ಲಿ ಎತ್ತಿ ವೆಟ್ ಹತ್ತಿರ ಒಯ್ಯಿರಿ. ಒಂದು ಪರೀಕ್ಷಾ ಪಟ್ಟಿ ಅದ್ದಿದರೆ ರಕ್ತವೋ ಬಣ್ಣವೋ ಎಂದು ತಿಳಿಯುತ್ತದೆ. ಮೂತ್ರ ಪೇಸ್ಟಿನಂತೆ ದಪ್ಪಗಿದ್ದು ಮೊಲ ತಿಣುಕುತ್ತಿದ್ದರೆ, ಕಾಲಿನ ನಡುವೆ ಸದಾ ಒದ್ದೆ ಇದ್ದರೆ, ಮೂತ್ರಕೋಶದಲ್ಲಿ ಕೆಸರು ಅಥವಾ ಕಲ್ಲು ಇರಬಹುದು. ಬೆಳೆದ ಮೊಲಗಳಿಗೆ ಕ್ಯಾಲ್ಸಿಯಂ ಹೆಚ್ಚಿರುವ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ದಿನಾ ಹಾಕಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಕಾಯಬಹುದಾದ, ಆದರೆ ಮರೆಯಬಾರದವು

ಹುಲ್ಲಿನ ಧೂಳಿಗೆ ಒಂದೆರಡು ಸೀನು ಬಂದರೆ ಏನಲ್ಲ. ಮೂಗಲ್ಲಿ ಬಿಳಿ ಸಿಂಬಳ, ಮುಂಗಾಲಿನ ಒಳಗಡೆ ಕೂದಲು ಅಂಟಿ ಗಂಟಾಗಿರುವುದು ಕಂಡರೆ ಈ ವಾರದೊಳಗೆ ತೋರಿಸಿ. ಮೊಲ ಮೂಗು ಒರೆಸಿಕೊಳ್ಳುವುದು ಅಲ್ಲೇ. ಕಿವಿಯೊಳಗೆ ಪದರ ಪದರ ಹೊಟ್ಟು, ಮೂಗು ಮತ್ತು ಪಾದದ ಅಂಚಲ್ಲಿ ಬೂದು ಬಣ್ಣದ ಕಜ್ಜಿ ಇದ್ದರೆ ಹುಳುಕಡ್ಡಿ ಎಂದು ಎಣ್ಣೆ ಹಚ್ಚಿ ಕೂರಬೇಡಿ. ಅದು ನುಸಿ, ಔಷಧಿಗೆ ಬೇಗ ಹೋಗುತ್ತದೆ. ತಂತಿ ತಳದ ಪಂಜರದಲ್ಲಿರುವ ಮೊಲದ ಹಿಂಪಾದ ತಿರುಗಿಸಿ ನೋಡಿ. ಕೂದಲು ಹೋಗಿ ಕೆಂಪಾಗಿದ್ದರೆ ಮೊದಲು ತಳ ಬದಲಿಸಿ, ಚರ್ಮ ಒಡೆದಿದ್ದರೆ ವೆಟ್‌ಗೆ ತೋರಿಸಿ. ತಲೆ ಸ್ವಲ್ಪವೇ ವಾಲಿದೆ, ತಿನ್ನುತ್ತಿದೆ ಎಂದರೂ ಅವತ್ತೇ ಫೋನ್ ಮಾಡಿ. ಒಳಕಿವಿಯ ಸೋಂಕು ಇರಬಹುದು, ಮಿದುಳಿಗೆ ಹೋಗುವ ಇ. ಕ್ಯುನಿಕ್ಯುಲೈ ಎಂಬ ಪರಾವಲಂಬಿ ಇರಬಹುದು. ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು.

ತೂಕವನ್ನು ಪ್ರತಿ ವಾರ ಒಂದೇ ದಿನ, ಅಡುಗೆಮನೆಯ ತಕ್ಕಡಿಯಲ್ಲಿ ನೋಡಿ ಬರೆದಿಡಿ. 2 ಕೆ.ಜಿ. ಮೊಲ ವಾರದಲ್ಲಿ 100 ಗ್ರಾಂ ಇಳಿದರೆ ನಾನು ಫೋನ್ ಮಾಡುತ್ತೇನೆ, ಬೇರೆ ಏನೂ ಕಾಣದಿದ್ದರೂ. ದಟ್ಟ ಕೂದಲಿನ ಕೆಳಗೆ ಮೊಲ ಸೊರಗುವುದು ಕಣ್ಣಿಗೆ ಕಾಣುವುದಿಲ್ಲ.

ಕಾಲ ನೋಡಿಕೊಂಡು ಲೆಕ್ಕ ಬದಲಿಸಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ 40 ಡಿಗ್ರಿ ದಾಟುತ್ತದೆ. ಮೊಲಕ್ಕೆ 28 ದಾಟಿದರೇ ಕಷ್ಟ. ಅದು ಬೆವರುವುದಿಲ್ಲ, ಕಿವಿಯಿಂದ ಬಿಸಿ ಹೊರಹಾಕುತ್ತದೆ. ಕಿವಿ ಕೆಂಪಾಗಿ ಸುಡುತ್ತಿದೆ, ಉದ್ದಕ್ಕೆ ಬಿದ್ದಿದೆ, ವೇಗವಾಗಿ ಉಸಿರಾಡುತ್ತಿದೆ, ಮೂಗು ಒದ್ದೆ ಎಂದರೆ ಬಿಸಿಲು ಹೊಡೆದಿದೆ. ಕಿವಿಯನ್ನು ತಣ್ಣೀರಿನ ಬಟ್ಟೆಯಲ್ಲಿ ಒರೆಸುತ್ತಾ, ಫ್ಯಾನ್ ಹಾಕಿ, ವೆಟ್ ಹತ್ತಿರ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬಾರದು, ಆ ಆಘಾತವೇ ಜೀವ ತೆಗೆಯಬಹುದು.

ಮಳೆಗಾಲದಲ್ಲಿ ನೊಣ. ಹಿಂಭಾಗ ಒದ್ದೆ ಅಥವಾ ಗಲೀಜಾಗಿರುವ ಮೊಲದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳುವಾಗಿ ಚರ್ಮ ಕೊರೆಯುತ್ತದೆ. ಕರಾವಳಿ, ಮಲೆನಾಡಿನವರು ದಿನಕ್ಕೆ ಎರಡು ಸಲ ಬಾಲದ ಕೆಳಗೆ ನೋಡಬೇಕು.

ದೀಪಾವಳಿ ಪಟಾಕಿ ಸದ್ದಿಗೆ ಹೆದರಿ ಊಟ ಬಿಡುವ ಮೊಲಗಳು ಬಹಳ. ಹಬ್ಬದ ರಾತ್ರಿ ತಿನ್ನಲಿಲ್ಲ ಎಂದರೆ "ಹೆದರಿಕೊಂಡಿದೆ, ಸರಿಯಾಗುತ್ತೆ" ಎಂದು ಬಿಡಬೇಡಿ. ಕಾರಣ ಭಯವಾದರೂ ಕರುಳು ನಿಲ್ಲುವುದು ಅದೇ ರೀತಿ. ಆ ದಿನಗಳಲ್ಲಿ ಯಾವ ಕ್ಲಿನಿಕ್ ತೆರೆದಿರುತ್ತದೆ ಅಂತ ಹಬ್ಬಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಮನೆಯಲ್ಲಿ ಏನು ಕೊಡಬಹುದು, ಏನು ಕೊಡಬಾರದು

ನಾಯಿ ಬೆಕ್ಕಿನ ಔಷಧಿ ಪೆಟ್ಟಿಗೆಯನ್ನು ಮೊಲದ ಹತ್ತಿರ ತರಬೇಡಿ. ಚಿಗಟಕ್ಕೆ ಬೆನ್ನಿಗೆ ಹಾಕುವ ಫಿಪ್ರೋನಿಲ್ ಮೊಲಕ್ಕೆ ವಿಷ. ಬಾಯಿಯಿಂದ ಕೊಡುವ ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು, ಕೆಟ್ಟವು ಬೆಳೆದು, ಭೇದಿಯಾಗಿ ಮೊಲ ಸಾಯಬಹುದು. ಮಕ್ಕಳ ಸಿರಪ್, ನೋವಿನ ಮಾತ್ರೆ ಯಾವುದೂ ಬೇಡ. ಮಕ್ಕಳ ಗ್ಯಾಸ್ ಹನಿ, ಅಂದರೆ ಸಿಮೆಥಿಕೋನ್, ಎಷ್ಟೋ ಜನ ಕೊಡುತ್ತಾರೆ. ಅದರಿಂದ ಹಾನಿ ಕಡಿಮೆ. ಅದನ್ನು ಕೊಟ್ಟಿದ್ದೇವೆ ಎಂದು ಬೆಳಗಿನವರೆಗೆ ಕಾಯುವುದೇ ಹಾನಿ.

ಪೆಲೆಟ್ ನೆನೆಸಿ ಸಿರಿಂಜ್‌ನಲ್ಲಿ ತಿನ್ನಿಸುವುದು ಒಳ್ಳೆಯ ಉಪಾಯ, ಆದರೆ ಎಲ್ಲ ಸಲವೂ ಅಲ್ಲ. ಹೊಟ್ಟೆ ಬಿಗಿಯಾಗಿದ್ದರೆ, ಮೈ ತಣ್ಣಗಿದ್ದರೆ, ನುಂಗುತ್ತಿಲ್ಲದಿದ್ದರೆ ತಿನ್ನಿಸಬಾರದು. ಕರುಳಿನಲ್ಲಿ ಕೂದಲ ಉಂಡೆ ಸಿಕ್ಕಿಕೊಂಡು ದಾರಿ ಮುಚ್ಚಿದ್ದರೆ ಮೇಲಿನಿಂದ ತುಂಬಿದ್ದೆಲ್ಲ ಹೊಟ್ಟೆಯನ್ನು ಇನ್ನಷ್ಟು ಹಿಗ್ಗಿಸುತ್ತದೆ. ಸ್ಟೇಸಿಸ್ ನಿಧಾನವಾಗಿ ಬರುತ್ತದೆ, ದಾರಿ ಮುಚ್ಚಿದರೆ ಮೊಲ ಗಂಟೆಗಳಲ್ಲಿ ಕುಸಿಯುತ್ತದೆ. ಇವೆರಡನ್ನು ಬಿಡಿಸಿ ಹೇಳಲು ವೆಟ್ ಹೊಟ್ಟೆ ಮುಟ್ಟಿ, ಎಕ್ಸ್‌ರೇ ತೆಗೆದು, ರಕ್ತದ ಸಕ್ಕರೆ ನೋಡುತ್ತಾರೆ. ಸಕ್ಕರೆ ಬಹಳ ಏರಿದ್ದರೆ ದಾರಿ ಮುಚ್ಚಿರುವ ಅನುಮಾನ ಹೆಚ್ಚು.

ಯಾವ ವೆಟ್, ಏನು ಹೇಳಬೇಕು

ನಮ್ಮ ಊರುಗಳಲ್ಲಿ ಹೆಚ್ಚಿನ ಕ್ಲಿನಿಕ್‌ಗಳು ನಾಯಿ ಬೆಕ್ಕು ನೋಡುತ್ತವೆ, ಸರ್ಕಾರಿ ಪಶು ಆಸ್ಪತ್ರೆಗಳು ದನ, ಕುರಿ ನೋಡುತ್ತವೆ. ಮೊಲ ನೋಡಿ ಅಭ್ಯಾಸ ಇರುವವರನ್ನು ಹುಷಾರಾಗಿರುವಾಗಲೇ ಹುಡುಕಿಡಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದವರು ಅಲ್ಲಿ ಮೊದಲೇ ಫೋನ್ ಮಾಡಿ ವಿಚಾರಿಸಬಹುದು. ಮೊಲದ ಅನುಭವ ಇದೆಯಾ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: "ಆಪರೇಷನ್‌ಗೆ ಮುಂಚೆ ರಾತ್ರಿಯೆಲ್ಲಾ ಉಪವಾಸ ಇಡಬೇಕಾ ಡಾಕ್ಟ್ರೇ?" ಮೊಲ ಗೊತ್ತಿರುವವರು ಬೇಡ ಎನ್ನುತ್ತಾರೆ. ವಾಂತಿ ಮಾಡದ ಪ್ರಾಣಿಗೆ ಉಪವಾಸದಿಂದ ಲಾಭವಿಲ್ಲ, ಕರುಳು ನಿಲ್ಲುವ ಅಪಾಯ ಮಾತ್ರ ಇದೆ.

ಫೋನ್‌ನಲ್ಲಿ "ಮೊಲ ಡಲ್ ಆಗಿದೆ" ಎಂದರೆ ಸಂಜೆ ಬನ್ನಿ ಎನ್ನಬಹುದು. ಹೀಗೆ ಹೇಳಿ: "ಮೂರು ವರ್ಷದ ಹೆಣ್ಣು ಮೊಲ, 2 ಕೆ.ಜಿ. ನಿನ್ನೆ ರಾತ್ರಿ ಒಂಬತ್ತರಿಂದ ಏನೂ ತಿಂದಿಲ್ಲ. ರಾತ್ರಿಯಿಂದ ನಾಲ್ಕೇ ಹಿಕ್ಕೆ, ಅವೂ ಸಣ್ಣವು. ಮುದುಡಿ ಕೂತು ಹಲ್ಲು ಕಡೀತಿದೆ. ಸ್ಟೇಸಿಸ್ ಇರಬಹುದಾ ಅಂತ ಭಯ. ಈಗ ಬರಬಹುದಾ?" ಗಂಟೆ, ಎಣಿಕೆ, ನೋವಿನ ಗುರುತು ಮೂರೂ ಇದ್ದಾಗ ಯಾವ ವೆಟ್ ಕೂಡ ಅದನ್ನು ನಾಳೆಗೆ ಮುಂದೂಡುವುದು ಕಷ್ಟ.

ಹೋಗುವಾಗ ಪೆಟ್ಟಿಗೆಯ ತಳಕ್ಕೆ ಟವೆಲ್ ಹಾಕಿ ಕಾಲು ಜಾರದಂತೆ ಮಾಡಿ, ಒಂದು ಹಿಡಿ ಹುಲ್ಲು ಇಡಿ. ಕೊನೆಯ ಹಿಕ್ಕೆಗಳನ್ನು ಕವರಿನಲ್ಲಿ ಹಾಕಿ ಒಯ್ಯಿರಿ. ಜೊತೆಗಾರ ಮೊಲ ಇದ್ದರೆ ಅದನ್ನೂ ಕರೆದೊಯ್ಯಿರಿ, ಎರಡಕ್ಕೂ ಧೈರ್ಯ. ಕೊಡುವ ಔಷಧಿಯ ಹೆಸರು ಕೇಳಿ ಬರೆದುಕೊಳ್ಳಿ. ನೋವಿಗೆ ಏನಾದರೂ ಕೊಟ್ಟಿದ್ದೀರಾ ಎಂದು ಕೇಳಲು ಸಂಕೋಚ ಬೇಡ. ನೋವು ಇಳಿಯದೆ ಮೊಲ ತಿನ್ನುವುದಿಲ್ಲ.

ಮನೆಗೆ ಬಂದ ಮೇಲೆ ಮೊದಲು ಬರುವ ಹಿಕ್ಕೆ ಚಿಕ್ಕದಾಗಿ, ವಕ್ರವಾಗಿ, ಸ್ವಲ್ಪ ಲೋಳೆ ಮೆತ್ತಿಕೊಂಡು ಇರಬಹುದು. ಒಂದೆರಡು ದಿನದಲ್ಲಿ ಗಾತ್ರ ಏರುತ್ತಾ ಹೋದರೆ ದಾರಿ ಸರಿಯಿದೆ. ಔಷಧಿ ಕೊಟ್ಟ 12 ಗಂಟೆಯಲ್ಲಿ ಒಂದೂ ಹಿಕ್ಕೆ ಬರದಿದ್ದರೆ, ಅಥವಾ ಮತ್ತೆ ಮುದುಡಿ ಕೂತರೆ, ಮುಂದಿನ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಅದೇ ನಂಬರಿಗೆ ಮತ್ತೆ ಫೋನ್ ಮಾಡಿ. ತಿನ್ನಲು ಶುರು ಮಾಡಿತು ಎಂದು ನೋವಿನ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಒಂದು ವಾರದ ನಂತರ ಹಲ್ಲು ಮತ್ತು ತೂಕ ನೋಡಿಸಲು ಇನ್ನೊಮ್ಮೆ ಕರೆದುಕೊಂಡು ಹೋಗಿ.